ಎ ಯಿಂದ ಝಡ್‌ವರೆಗೆ: ನಿಮ್ಮದೇ ಇಂಗ್ಲಿಷ್ ಪದಪುಸ್ತಕ ಕಟ್ಟಿಕೊಳ್ಳುವುದು ಹೇಗೆ?

ಅಕ್ಷರವಾರು ಜೋಡಿಸಿದ ಇಂಗ್ಲಿಷ್ ಪದಪಟ್ಟಿ ಹಿಡಿದು ಕೂತವರು ಹೆಚ್ಚಾಗಿ ‘ಅಬ್ಯಾಂಡನ್’ ಎಂಬ ಪದದಿಂದ ಶುರುಮಾಡುತ್ತಾರೆ. ಆಮೇಲೆ ‘ಅಬೇಟ್’, ‘ಅಬ್ಹಾರ್’, ‘ಅಬ್ರಿಜ್’. ಮೂರನೇ ದಿನಕ್ಕೆ ಇವೆಲ್ಲ ಒಂದರೊಳಗೊಂದು ಕಲಸಿಹೋಗಿರುತ್ತವೆ. ಬಿ ಅಕ್ಷರ ಮುಟ್ಟುವ ಮೊದಲೇ ಪಟ್ಟಿ ಮೂಲೆ ಸೇರುತ್ತದೆ. ಇದರಲ್ಲಿ ಓದುವವರ ತಪ್ಪೇನೂ ಇಲ್ಲ. ಒಂದೇ ಅಕ್ಷರದಿಂದ ಶುರುವಾಗುವ, ಕಣ್ಣಿಗೆ ಒಂದೇ ಥರ ಕಾಣುವ ಪದಗಳನ್ನು ಒಟ್ಟಿಗೆ ಬಾಯಿಪಾಠ ಮಾಡಲು ಹೋದರೆ ಒಂದು ಇನ್ನೊಂದನ್ನು ನೆನಪಿನಿಂದ ತಳ್ಳುತ್ತದೆ.

ಅಕ್ಷರವಾರು ಜೋಡಣೆ ಇರುವುದು ಹುಡುಕುವುದಕ್ಕೆ. ಒಮ್ಮೆ ಬರೆದಿಟ್ಟ ಪದ ಮತ್ತೆ ಬೇಕಾದಾಗ ಹತ್ತು ಸೆಕೆಂಡಿನಲ್ಲಿ ಕೈಗೆ ಸಿಗಬೇಕು, ಅದರ ಕೆಲಸ ಅಷ್ಟೇ. ನೆನಪಿನಲ್ಲಿ ಉಳಿಸಿಕೊಳ್ಳಲು ಬೇರೆಯೇ ಜೋಡಣೆ ಬೇಕು. ಎರಡನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಮಾಡಿಕೊಳ್ಳುವ ಕ್ರಮವನ್ನು ಇಲ್ಲಿ ಹೇಳಿದ್ದೇವೆ. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ಅಥವಾ ಡಿಪ್ಲೊಮಾಗೆ ಬಂದವರು, ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರು, ಕೆಲಸದ ಜಾಗದಲ್ಲಿ ಇಂಗ್ಲಿಷ್ ಪತ್ರ ಓದಬೇಕಾದವರು, ಯಾರಿಗಾದರೂ ಇದು ಹೊಂದುತ್ತದೆ.

ಪುಟ ಹಂಚಿಕೊಳ್ಳುವುದು

200 ಪುಟದ ಗೆರೆಯ ಲಾಂಗ್ ನೋಟ್‌ಬುಕ್ ಒಂದು ಸಾಕು. ಇಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು ಎಂದರೆ 26 ಅಕ್ಷರಗಳಿಗೆ ಸಮನಾಗಿ ಏಳೇಳು ಪುಟ ಹಂಚುವುದು. ಎರಡು ಮೂರು ತಿಂಗಳಲ್ಲಿ ಎಸ್ ತುಂಬಿ ಹರಿಯುತ್ತದೆ, ಎಕ್ಸ್ ಮತ್ತು ಝಡ್ ಪುಟಗಳು ಕೊನೆಯವರೆಗೂ ಬೆಳ್ಳಗೇ ಇರುತ್ತವೆ. ಯಾವ ಇಂಗ್ಲಿಷ್ ನಿಘಂಟನ್ನಾದರೂ ಬದಿಯಿಂದ ನೋಡಿ. ಎಸ್ ಭಾಗ ಎಲ್ಲಕ್ಕಿಂತ ದಪ್ಪ, ಅದರ ಹಿಂದೆಯೇ ಸಿ ಮತ್ತು ಪಿ. ಎಸ್ ಮುಂದೆ ಟಿ, ಪಿ, ಸಿ, ಎಚ್, ಎಲ್, ಎಂ, ಎನ್ ಹೀಗೆ ಹಲವು ವ್ಯಂಜನಗಳು ನೇರವಾಗಿ ಕೂಡಿಕೊಳ್ಳುತ್ತವೆ. ಸಿ ಗೆ ‘ಕಾನ್’, ‘ಕಾಮ್’ ಎಂಬ ಉಪಸರ್ಗಗಳ ಬಲ ಇದೆ. ಪಿ ಗೆ ‘ಪ್ರಿ’, ‘ಪ್ರೊ’, ‘ಪರ್’ ಇವೆ.

ಹಾಗಾಗಿ ಹೀಗೆ ಹಂಚಿಕೊಳ್ಳಿ. ಎಸ್ ಗೆ 22 ಪುಟ, ಸಿ ಗೆ 17, ಪಿ ಗೆ 16. ಎ ಮತ್ತು ಡಿ ಗೆ 11ರಂತೆ. ಬಿ, ಟಿ, ಆರ್ ಗೆ 10ರಂತೆ. ಎಂ ಗೆ 9. ಇ, ಎಫ್, ಐ ಗೆ 8ರಂತೆ. ಎಚ್ ಮತ್ತು ಎಲ್ ಗೆ 7ರಂತೆ. ಜಿ ಮತ್ತು ಡಬ್ಲ್ಯು ಗೆ 6ರಂತೆ. ಒ ಮತ್ತು ಯು ಗೆ 5ರಂತೆ. ಎನ್ ಗೆ 4, ವಿ ಗೆ 3. ಜೆ ಮತ್ತು ಕೆ ಗೆ ಎರಡೆರಡು. ಕ್ಯೂ ಗೆ ಒಂದು, ವೈ ಗೆ ಒಂದು, ಎಕ್ಸ್ ಮತ್ತು ಝಡ್ ಎರಡಕ್ಕೂ ಸೇರಿ ಒಂದು. ಒಟ್ಟು 190 ಆಯಿತು. ಉಳಿದ 10 ಪುಟಗಳಲ್ಲಿ ಮೊದಲ ನಾಲ್ಕು ಉಚ್ಚಾರದ ಸೂಚಿಗೆ, ಕೊನೆಯ ಆರು ಕನ್ನಡ ಕ್ರಿಯಾಪದಗಳ ಪಟ್ಟಿಗೆ. ಇವೆರಡರ ವಿಷಯ ಮುಂದೆ ಬರುತ್ತದೆ.

ಒಂದು ಪದಕ್ಕೆ ಮೂರು ಸಾಲು ಬಿಡಿ. ಒಂದು ಪುಟಕ್ಕೆ ಎಂಟು ಪದ ಹಿಡಿಸುತ್ತವೆ. 190 ಪುಟಕ್ಕೆ 1,520 ಪದ. ದಿನಕ್ಕೆ ಐದರಂತೆ ಬರೆದರೆ ಹತ್ತು ತಿಂಗಳ ಕೆಲಸ. ಇಷ್ಟೇನಾ ಎನ್ನಬೇಡಿ. ಮೈಕೆಲ್ ವೆಸ್ಟ್ ಎಂಬ ಶಿಕ್ಷಣತಜ್ಞ 1953ರಲ್ಲಿ ಹೊರತಂದ ಸಾಮಾನ್ಯ ಬಳಕೆಯ ಇಂಗ್ಲಿಷ್ ಪದಗಳ ಪಟ್ಟಿಯಲ್ಲಿ ಇದ್ದದ್ದು ಸುಮಾರು 2,000 ಮೂಲಪದಗಳು. ಮಾಮೂಲಿ ಬರಹದಲ್ಲಿ ಹತ್ತಕ್ಕೆ ಸುಮಾರು ಎಂಟು ಪದ ಅಂಥ ಪಟ್ಟಿಯೊಳಗಿಂದಲೇ ಬರುತ್ತವೆ. ಅದರಲ್ಲಿ ಕೆಲವು ನೂರು ಪದ ನಿಮಗೆ ಈಗಾಗಲೇ ಗೊತ್ತಿರುತ್ತವೆ. ಹಾಗಾಗಿ 1,520 ಸಣ್ಣ ಸಂಖ್ಯೆಯಲ್ಲ.

ಅಂಚಿಗೆ ಬಣ್ಣದ ಕಾಗದದ ಚೀಟಿ ಅಂಟಿಸಿ ಅಕ್ಷರ ಬರೆಯಿರಿ. ಎಸ್, ಸಿ, ಪಿ ಮೂರರಲ್ಲಿ ಎರಡನೇ ಅಕ್ಷರದ ಪ್ರಕಾರ ಒಳಭಾಗ ಮಾಡಿಕೊಳ್ಳಿ. ಉದಾಹರಣೆಗೆ ಎಸ್-ಎಚ್ ಗೆ ಮೂರು ಪುಟ, ಎಸ್-ಟಿ ಗೆ ಐದು, ಎಸ್-ಯು ಗೆ ಮೂರು. ಉಳಿದ ಅಕ್ಷರಗಳಿಗೆ ಈ ಕಷ್ಟ ಬೇಡ. ಪುಟದೊಳಗೆ ಪದಗಳು ಅಕಾರಾದಿಯಾಗಿ ಬರಲೇಬೇಕು ಎಂದು ಹೋದರೆ ಕೈಬರಹದ ಪುಸ್ತಕ ಎಂದೂ ಮುಗಿಯುವುದಿಲ್ಲ. ಸಿಕ್ಕ ಕ್ರಮದಲ್ಲೇ ಬರೆಯಿರಿ.

ಕಿವಿಗೆ ಕೇಳಿದ ಸದ್ದು, ಪುಟದ ಮೇಲಿನ ಅಕ್ಷರ

ನಮ್ಮ ವರ್ಣಮಾಲೆ ಸದ್ದಿನ ಕ್ರಮದಲ್ಲಿ ಕಟ್ಟಿದ್ದು. ‘ನವಿಲು’ ಎಂದು ಕಿವಿಗೆ ಬಿದ್ದರೆ ನಿಘಂಟಿನಲ್ಲಿ ‘ನ’ ತೆರೆದರೆ ಸಾಕು. ಇಂಗ್ಲಿಷಿನಲ್ಲಿ ಹಾಗಲ್ಲ. ‘ನೀ’ ಎಂದು ಕೇಳಿದ ಮೊಣಕಾಲು ಕೆ ಅಕ್ಷರದಲ್ಲಿದೆ, ‘ನ್ಯುಮೋನಿಯಾ’ ಪಿ ಅಕ್ಷರದಲ್ಲಿದೆ, ನುಸಿ ಎಂಬ ಅರ್ಥದ ‘ನ್ಯಾಟ್’ ಜಿ ಅಕ್ಷರದಲ್ಲಿದೆ. ಕನ್ನಡದವರು ಎನ್ ಪುಟ ತಿರುಗಿಸಿ ತಿರುಗಿಸಿ, ಪದವೇ ಇಲ್ಲ ಎಂದು ನಿಘಂಟು ಮುಚ್ಚುವುದು ಇದಕ್ಕೇ. ಮೊದಲ ನಾಲ್ಕು ಪುಟದಲ್ಲಿ ಕೆಳಗಿನ ಸೂಚಿಯನ್ನು ಬರೆದುಕೊಳ್ಳಿ. ಹೊಸ ಉದಾಹರಣೆ ಸಿಕ್ಕಂತೆ ಸೇರಿಸುತ್ತಾ ಹೋಗಿ.

‘ನ’ ಕೇಳಿದರೆ: ಮೊದಲು ಎನ್, ಆಮೇಲೆ ಕೆ-ಎನ್, ಜಿ-ಎನ್, ಪಿ-ಎನ್.

‘ರ’ ಕೇಳಿದರೆ: ಆರ್, ಡಬ್ಲ್ಯು-ಆರ್, ಆರ್-ಎಚ್. ‘ರೈಟ್’ ಎಂಬ ಒಂದೇ ಸದ್ದು ಬರೆಯುವುದಕ್ಕೆ ಡಬ್ಲ್ಯು ಪುಟದಲ್ಲಿ, ಸರಿ ಎಂಬುದಕ್ಕೆ ಆರ್ ಪುಟದಲ್ಲಿ. ಲಯ ಎಂಬ ಅರ್ಥದ ‘ರಿದಮ್’ ಆರ್-ಎಚ್ ಇಂದ.

‘ಸ’ ಕೇಳಿದರೆ: ಎಸ್, ಸಿ, ಎಸ್-ಸಿ, ಪಿ-ಎಸ್. ಸಿಟಿ, ಸೈನ್ಸ್, ಸೈಕಾಲಜಿ ಮೂರೂ ಮೂರು ಥರ.

‘ಕ’ ಕೇಳಿದರೆ: ಸಿ, ಕೆ, ಸಿ-ಎಚ್. ‘ಕ್ವ’ ಕೇಳಿದರೆ ಕ್ಯೂ, ಅದರ ಬೆನ್ನಿಗೇ ಯು.

‘ಜ’ ಕೇಳಿದರೆ: ಜೆ ಅಥವಾ ಜಿ. ‘ಫ’ ಕೇಳಿದರೆ: ಎಫ್ ಅಥವಾ ಪಿ-ಎಚ್. ‘ಶ’ ಕೇಳಿದರೆ: ಎಸ್-ಎಚ್ ಹೆಚ್ಚು. ಆದರೆ ‘ಶುಗರ್’, ‘ಶೂರ್’ ಬರಿಯ ಎಸ್, ಅಡುಗೆಯ ‘ಶೆಫ್’ ಸಿ-ಎಚ್.

‘ಯ’ ಕೇಳಿದರೆ: ವೈ, ಯು, ಇ-ಯು. ಯೂನಿಯನ್ ಯು ಇಂದ, ಯುರೋಪ್ ಇ ಇಂದ.

‘ವ’ ಕೇಳಿದರೆ: ವಿ ಅಥವಾ ಡಬ್ಲ್ಯು. ಕನ್ನಡದ ಕಿವಿಗೆ ಇವೆರಡರ ಭೇದ ಸುಲಭವಾಗಿ ಸಿಗುವುದಿಲ್ಲ. ವಿ ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗುತ್ತದೆ. ಡಬ್ಲ್ಯು ಹೇಳುವಾಗ ಹಲ್ಲು ತಾಗುವುದಿಲ್ಲ, ತುಟಿ ದುಂಡಗಾಗುತ್ತದೆ. ದ್ರಾಕ್ಷಿಮದ್ಯದ ‘ವೈನ್’ ಡಬ್ಲ್ಯು, ಬಳ್ಳಿಯ ‘ವೈನ್’ ವಿ.

ಸ್ವರ ಕೇಳಿದರೂ ಎಚ್ ಇರಬಹುದು: ‘ಅವರ್’, ‘ಆನೆಸ್ಟ್’, ‘ಆನರ್’, ವಾರಸುದಾರ ಎಂಬ ಅರ್ಥದ ‘ಏರ್’. ಈ ನಾಲ್ಕನ್ನೂ ಅವುಗಳಿಂದ ಹುಟ್ಟಿದ ಪದಗಳನ್ನೂ ತಿಳಿದುಕೊಂಡರೆ ಮೌನ ಎಚ್ ಸಮಸ್ಯೆ ಹೆಚ್ಚುಕಡಿಮೆ ಮುಗಿಯಿತು.

ಈ ಗೊಂದಲಕ್ಕೆ ಕಾರಣ ಇದೆ. ಕೆ-ಎನ್ ಪದಗಳಲ್ಲಿ ಹಿಂದೆ ಕೆ ಯನ್ನೂ ಉಚ್ಚರಿಸುತ್ತಿದ್ದರು. 17ನೇ ಶತಮಾನದ ಹೊತ್ತಿಗೆ ಆ ಸದ್ದು ಬಿದ್ದುಹೋಯಿತು, ಅಚ್ಚಾದ ಕಾಗುಣಿತ ಮಾತ್ರ ಹಾಗೇ ಉಳಿಯಿತು. ಜರ್ಮನ್ನರು ಮೊಣಕಾಲನ್ನು ಇಂದಿಗೂ ‘ಕ್ನೀ’ ಎಂದೇ ಹೇಳುತ್ತಾರೆ. ಪಿ-ಎನ್, ಪಿ-ಎಸ್, ಪಿ-ಎಚ್, ಆರ್-ಎಚ್ ಹೆಚ್ಚಾಗಿ ಗ್ರೀಕಿನಿಂದ ಬಂದ ಪದಗಳ ಗುರುತು. ಆಸ್ಪತ್ರೆ, ವಿಜ್ಞಾನ, ತತ್ತ್ವಶಾಸ್ತ್ರದ ಪದ ಎಂದಾದರೆ ಇವನ್ನು ಮೊದಲು ಅನುಮಾನಿಸಿ. ಸಿ-ಎಚ್ ಮೂರು ಥರ ನುಡಿಯುವುದಕ್ಕೂ ಮೂಲವೇ ಕಾರಣ. ಇಂಗ್ಲಿಷಿನ ಹಳೆಯ ಪದಗಳಲ್ಲಿ ‘ಚ’ ಸದ್ದು, ಗ್ರೀಕಿನಿಂದ ಬಂದ ‘ಕೆಮಿಸ್ಟ್ರಿ’ಯಲ್ಲಿ ‘ಕ’, ಈಚೆಗೆ ಫ್ರೆಂಚಿನಿಂದ ಬಂದ ‘ಶೆಫ್’ನಲ್ಲಿ ‘ಶ’.

ಸಿ ಗೆ ಒಂದು ನಂಬಬಹುದಾದ ನಿಯಮವಿದೆ. ಮುಂದೆ ಇ, ಐ, ವೈ ಬಂದರೆ ‘ಸ’, ಎಚ್ ಬಿಟ್ಟು ಬೇರೆ ಏನು ಬಂದರೂ ‘ಕ’. ಸೆಲ್, ಸಿಟಿ, ಸೈಕಲ್ ಒಂದು ಕಡೆ, ಕ್ಯಾಟ್, ಕಾಸ್ಟ್, ಕಟ್, ಕ್ಲಾಕ್ ಇನ್ನೊಂದು ಕಡೆ. ಜಿ ಗೂ ಇದೇ ನಿಯಮ ಹೇಳಿಕೊಡುವುದುಂಟು, ಅದನ್ನು ಪೂರ್ತಿ ನಂಬಬೇಡಿ. ಜೆಮ್, ಜಯಂಟ್, ಜಿಮ್ ನಿಯಮದಂತೆ ನಡೆಯುತ್ತವೆ. ಆದರೆ ದಿನಾ ಬಳಸುವ ಗೆಟ್, ಗಿವ್, ಗಿಫ್ಟ್, ಗರ್ಲ್ ನಿಯಮ ಮುರಿಯುತ್ತವೆ.

ಅಚ್ಚಾದ ನಿಘಂಟು ಬಳಸುವವರಿಗೆ ಒಂದು ಕೈಚಳಕ. ಅದನ್ನು ಮನಸ್ಸಿನಲ್ಲೇ ನಾಲ್ಕು ಪಾಲು ಮಾಡಿ: ಎ ಯಿಂದ ಡಿ, ಇ ಯಿಂದ ಎಲ್, ಎಂ ಇಂದ ಆರ್, ಎಸ್ ಇಂದ ಝಡ್. ಬೇಕಾದ ಪಾಲನ್ನು ಒಮ್ಮೆಗೇ ತೆರೆದು, ಆಮೇಲೆ ಪುಟದ ನೆತ್ತಿಯಲ್ಲಿರುವ ಎರಡು ಪದಗಳನ್ನು (ಅಲ್ಲಿಯ ಮೊದಲ ಮತ್ತು ಕೊನೆಯ ಪದ) ಮಾತ್ರ ನೋಡುತ್ತಾ ಸರಿಯಿರಿ.

ಒಂದು ಪದದ ಮೂರು ಸಾಲಿನಲ್ಲಿ ಏನೇನಿರಬೇಕು?

ಮೊದಲ ಸಾಲಿನಲ್ಲಿ ಇಂಗ್ಲಿಷ್ ಕಾಗುಣಿತ, ಪಕ್ಕದಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರ, ಅದು ನಾಮಪದವೋ ಕ್ರಿಯಾಪದವೋ ಎಂಬ ಗುರುತು. ಎರಡನೇ ಸಾಲಿನಲ್ಲಿ, ನೀವು ಆ ಪದವನ್ನು ನೋಡಿದ ವಾಕ್ಯಕ್ಕೆ ಹೊಂದುವ ಕನ್ನಡ ಅರ್ಥ. ಮೂರನೇ ಸಾಲಿನಲ್ಲಿ ನಿಮ್ಮದೇ ಒಂದು ಚಿಕ್ಕ ವಾಕ್ಯ, ನಿಮ್ಮ ಮನೆ, ಊರು, ಕೆಲಸಕ್ಕೆ ಸಂಬಂಧಿಸಿದ್ದು. ನಿಘಂಟಿನ ವಾಕ್ಯ ನಕಲು ಮಾಡಬೇಡಿ, ಅದು ನೆನಪಿನಲ್ಲಿ ನಿಲ್ಲುವುದಿಲ್ಲ.

ಎರಡನೇ ಸಾಲೇ ಎಲ್ಲಕ್ಕಿಂತ ಮುಖ್ಯ. ‘ಚಾರ್ಜ್’ ಪದ ತೆಗೆದುಕೊಳ್ಳಿ. ಹೋಟೆಲಿನ ಬಿಲ್ಲಿನಲ್ಲಿ ಅದು ಶುಲ್ಕ. ಪೊಲೀಸ್ ಸುದ್ದಿಯಲ್ಲಿ ಆರೋಪ, ‘ಚಾರ್ಜ್‌ಶೀಟ್’ ಎಂದರೆ ಆರೋಪಪಟ್ಟಿ. ‘ಲಾಠಿ ಚಾರ್ಜ್’ ಎಂದರೆ ಲಾಠಿ ಪ್ರಹಾರ. ಹೊಸ ಜಿಲ್ಲಾಧಿಕಾರಿ ‘ಟುಕ್ ಚಾರ್ಜ್’ ಎಂದರೆ ಅಧಿಕಾರ ವಹಿಸಿಕೊಂಡರು. ‘ಇನ್‌ಚಾರ್ಜ್ ಮಿನಿಸ್ಟರ್’ ಎಂದರೆ ಉಸ್ತುವಾರಿ ಸಚಿವ. ‘ಚಾರ್ಜ್ ಅಂದರೆ ಶುಲ್ಕ’ ಎಂದಷ್ಟೇ ಬರೆದುಕೊಂಡವರು ಪತ್ರಿಕೆಯ ಮೊದಲ ಪುಟದಲ್ಲೇ ಎಡವುತ್ತಾರೆ. ಹಾಗಂತ ಐದೂ ಅರ್ಥವನ್ನು ಒಂದೇ ದಿನ ಬರೆಯುವುದೂ ಬೇಡ. ಇವತ್ತು ಕಂಡ ಅರ್ಥ ಇವತ್ತು ಬರೆಯಿರಿ. ಇನ್ನೊಂದು ಅರ್ಥ ಎದುರಾದ ದಿನ ಅದೇ ಪದದ ಕೆಳಗೆ ಸೇರಿಸಿ, ಮೂರನೇ ಸಾಲಿನ ಕೊನೆಯಲ್ಲಿ ಅದಕ್ಕೆಂದೇ ಸ್ವಲ್ಪ ಜಾಗ ಇರಲಿ.

ಉಚ್ಚಾರ ಬರೆಯುವಾಗ ಕನ್ನಡ ಲಿಪಿ ಬಹಳ ಮಟ್ಟಿಗೆ ಸಾಕು. ಸಾಲದ ಕಡೆ ಗುರುತು ಮಾಡಿಕೊಳ್ಳಿ. ಝಡ್ ಮತ್ತು ಎಫ್ ಸದ್ದಿಗೆ ಅಕ್ಷರದ ಕೆಳಗೆ ಎರಡು ಚುಕ್ಕಿ: ಜ಼, ಫ಼. ಒತ್ತು ಬೀಳುವ ಭಾಗದ ಕೆಳಗೆ ಗೆರೆ. ಒತ್ತು ಬಹಳ ಮುಖ್ಯ, ಏಕೆಂದರೆ ‘ರೆಕಾರ್ಡ್’ ಎಂದು ಮೊದಲ ಭಾಗಕ್ಕೆ ಒತ್ತು ಕೊಟ್ಟರೆ ದಾಖಲೆ, ‘ರಿಕಾರ್ಡ್’ ಎಂದು ಎರಡನೆಯದಕ್ಕೆ ಕೊಟ್ಟರೆ ದಾಖಲಿಸು. ‘ಪ್ರೆಸೆಂಟ್’ ಕೂಡ ಹೀಗೆಯೇ. ಇನ್ನೊಂದು ಎಚ್ಚರಿಕೆ: ಮಾತಿನಲ್ಲಿ ನಾವು ‘ಎ’ ಮುಂದೆ ಸಣ್ಣ ‘ಯ’, ‘ಒ’ ಮುಂದೆ ಸಣ್ಣ ‘ವ’ ಸೇರಿಸಿಬಿಡುತ್ತೇವೆ. ‘ಎಗ್’ ‘ಯೆಗ್’ ಆಗುತ್ತದೆ, ‘ಓನ್ಲಿ’ ‘ವೋನ್ಲಿ’ ಆಗುತ್ತದೆ. ಇ ಮತ್ತು ಒ ಪುಟಗಳ ನೆತ್ತಿಯಲ್ಲಿ ಇದನ್ನು ಕೆಂಪು ಶಾಯಿಯಲ್ಲಿ ಬರೆದಿಡಿ.

ಯಾವ ಪದಕ್ಕೆ ಜಾಗ ಕೊಡಬೇಕು?

ಒಂದು ವಾರದಲ್ಲಿ ಎರಡು ಸಲ ಕಣ್ಣಿಗೆ ಬಿದ್ದ ಪದಕ್ಕೆ ಜಾಗ ಕೊಡಿ. ಒಂದೇ ಸಲ ಕಂಡದ್ದನ್ನು ಕೊನೆಯ ರಟ್ಟಿನ ಒಳಬದಿಯಲ್ಲಿ ಪೆನ್ಸಿಲಿನಲ್ಲಿ ಗೀಚಿಡಿ, ಎರಡನೇ ಸಲ ಕಂಡಾಗ ಒಳಗೆ ತನ್ನಿ. ಅರ್ಜಿ ನಮೂನೆ, ಬ್ಯಾಂಕ್ ಚಲನ್, ಔಷಧಿ ಪಟ್ಟಿ, ರೈಲು ನಿಲ್ದಾಣದ ಫಲಕ, ಯಂತ್ರದ ಮೇಲಿನ ಸೂಚನೆ ಇವು ಒಳ್ಳೆಯ ಮೂಲಗಳು. ‘ಅಪ್ಲಿಕೆಂಟ್’ ಅರ್ಜಿದಾರ, ‘ಬೆನಿಫಿಶಿಯರಿ’ ಫಲಾನುಭವಿ, ‘ಗಾರ್ಡಿಯನ್’ ಪೋಷಕ, ‘ಅಂಡರ್‌ಸೈನ್ಡ್’ ಕೆಳಗೆ ಸಹಿ ಮಾಡಿದವರು, ‘ಎನ್‌ಕ್ಲೋಶರ್’ ಲಗತ್ತು. ಒಂದು ಬ್ಯಾಂಕ್ ಅರ್ಜಿಯಿಂದಲೇ ಹತ್ತು ಪದ ಸಿಗುತ್ತವೆ, ಹತ್ತೂ ಬೇರೆ ಬೇರೆ ಅಕ್ಷರದ ಪುಟಕ್ಕೆ ಹೋಗುತ್ತವೆ. ಬೇಕಾದದ್ದು ಇದೇ. ದಿನದ ಐದು ಪದಗಳು ಐದು ಬೇರೆ ಅಕ್ಷರಗಳವಾಗಿರಲಿ, ಆದರೆ ಒಂದೇ ಸಂದರ್ಭದಿಂದ ಬಂದಿರಲಿ.

ಉಪಸರ್ಗ ಸೇರಿದ ಪದಗಳನ್ನು ಮೂಲಪದದ ಪುಟದಲ್ಲೇ ಇಡಿ. ‘ಅನ್‌ಹ್ಯಾಪಿ’ಯನ್ನು ಯು ಪುಟದಲ್ಲಿ ಬರೆಯದೆ ಎಚ್ ಪುಟದಲ್ಲಿ ‘ಹ್ಯಾಪಿ’ ಪಕ್ಕದಲ್ಲೇ ಬರೆಯಿರಿ. ಯು ಗೆ ಐದೇ ಪುಟ ಕೊಟ್ಟದ್ದು ಈ ಲೆಕ್ಕದಲ್ಲೇ. ಎರಡು ಪದಗಳಿಗೆ ಮಾತ್ರ ಐ ಪುಟದಲ್ಲೇ ಪ್ರತ್ಯೇಕ ಜಾಗ ಬೇಕು. ಪೆಟ್ರೋಲ್ ಟ್ಯಾಂಕರಿನ ಬೆನ್ನಿನ ಮೇಲೆ ಬರೆಯುವ ‘ಇನ್‌ಫ್ಲೇಮಬಲ್’ ಎಂದರೆ ಬೇಗ ಬೆಂಕಿ ಹತ್ತುವಂಥದ್ದು, ಹತ್ತದ್ದು ಎಂದಲ್ಲ. ‘ಫ್ಲೇಮಬಲ್’ ಎಂಬುದಕ್ಕೂ ಅದೇ ಅರ್ಥ. ‘ಇನ್‌ವ್ಯಾಲ್ಯುಬಲ್’ ಎಂದರೆ ಬೆಲೆ ಕಟ್ಟಲಾಗದಷ್ಟು ಅಮೂಲ್ಯ. ಇಲ್ಲಿ ‘ಇನ್’ ಎಂದರೆ ಇಲ್ಲ ಎಂದು ತಿಳಿದರೆ ಅನಾಹುತವಾದೀತು.

ಕೆಲವು ಅಕ್ಷರಗಳಲ್ಲಿ ಕಾದಿರುವ ತೊಡಕುಗಳು

ಎ: ‘ಅಡ್ವೈಸ್’ ಸಿ-ಇ ಇಂದ ಮುಗಿದರೆ ಸಲಹೆ, ‘ಅಡ್ವೈಜ಼್’ ಎಸ್-ಇ ಇಂದ ಮುಗಿದರೆ ಸಲಹೆ ಕೊಡು. ಕನ್ನಡದಲ್ಲಿ ಸಲಹೆಗಳು, ಮಾಹಿತಿಗಳು ಎಂದು ಧಾರಾಳವಾಗಿ ಬಹುವಚನ ಮಾಡುತ್ತೇವೆ. ಇಂಗ್ಲಿಷಿನಲ್ಲಿ ಅಡ್ವೈಸ್, ಇನ್‌ಫರ್ಮೇಶನ್, ಫರ್ನಿಚರ್, ಲಗೇಜ್, ಇಕ್ವಿಪ್‌ಮೆಂಟ್, ಹೋಮ್‌ವರ್ಕ್ ಇವಕ್ಕೆ ಕೊನೆಯಲ್ಲಿ ಎಸ್ ಹತ್ತುವುದಿಲ್ಲ. ‘ಅಫೆಕ್ಟ್’ ಪರಿಣಾಮ ಬೀರು, ‘ಇಫೆಕ್ಟ್’ ಪರಿಣಾಮ. ‘ಅಡಾಪ್ಟ್’ ಎರಡಿವೆ: ಒ ಇರುವುದು ದತ್ತು ತೆಗೆದುಕೊಳ್ಳು, ಎ ಇರುವುದು ಹೊಂದಿಕೊಳ್ಳು. ಇಂಥ ಜೋಡಿಗಳಲ್ಲಿ ಒಂದನ್ನು ಚೆನ್ನಾಗಿ ಅರಗಿಸಿಕೊಂಡು ಕನಿಷ್ಠ ಎರಡು ವಾರ ಬಿಟ್ಟು ಇನ್ನೊಂದನ್ನು ಬರೆಯಿರಿ. ಎರಡನ್ನೂ ಒಂದೇ ದಿನ ಬರೆದವರು ವರ್ಷವಿಡೀ ಯಾವುದು ಯಾವುದೆಂದು ತಡಕಾಡುತ್ತಾರೆ.

ಎಚ್: ‘ಎ’ ಬೇಕೋ ‘ಆನ್’ ಬೇಕೋ ಎಂಬುದನ್ನು ಅಕ್ಷರ ನೋಡಿ ತೀರ್ಮಾನಿಸಬೇಡಿ, ಸದ್ದು ಕೇಳಿ. ‘ಆನ್ ಅವರ್’, ‘ಎ ಹೌಸ್’. ‘ಎ ಯೂನಿವರ್ಸಿಟಿ’, ‘ಆನ್ ಅಂಬ್ರೆಲಾ’. ‘ಆನ್ ಎಂಎಲ್ಎ’, ‘ಆನ್ ಎಸ್ಸೆಸ್ಸೆಲ್ಸಿ ಸ್ಟೂಡೆಂಟ್’. ಹಳೆ ಮೈಸೂರಿನ ಕೆಲವು ಕಡೆ ಆಡುಮಾತಿನಲ್ಲಿ ‘ಹ’ ಜಾರಿಹೋಗುತ್ತದೆ. ಆ ಕಡೆಯವರು ‘ಹೀಟ್’ ಮತ್ತು ‘ಈಟ್’, ‘ಹೇರ್’ ಮತ್ತು ‘ಏರ್’ ಜೋಡಿಗಳನ್ನು ಜೋರಾಗಿ ಓದಿ ಅಭ್ಯಾಸ ಮಾಡುವುದು ಒಳ್ಳೆಯದು.

ಎಲ್ ಮತ್ತು ಬಿ: ಕಡ ಕೊಡುವುದು ‘ಲೆಂಡ್’, ಕಡ ತರುವುದು ‘ಬಾರೊ’. ‘ನನಗೆ ಪೆನ್ ಬಾರೊ ಮಾಡಿ’ ಎಂಬರ್ಥದ ತಪ್ಪು ಇಂಗ್ಲಿಷ್ ಬಹಳ ಕೇಳಿಬರುತ್ತದೆ.

ಕ್ಯೂ: ‘ಕ್ವಿಟ್’ ಬಿಡು, ‘ಕ್ವೈಟ್’ ಟಿ-ಇ ಇಂದ ಮುಗಿದರೆ ಸಾಕಷ್ಟು, ಇ-ಟಿ ಇಂದ ಮುಗಿದರೆ ಸದ್ದಿಲ್ಲದ.

ಎಕ್ಸ್: ಮೊದಲಲ್ಲಿ ಬಂದರೆ ಸಾಮಾನ್ಯವಾಗಿ ‘ಜ಼’ ಸದ್ದು. ನಮ್ಮಲ್ಲಿ ನಕಲು ಪ್ರತಿಗೆ ಜೆರಾಕ್ಸ್ ಎನ್ನುತ್ತೇವೆ. ಅದು ಕಂಪನಿಯ ಹೆಸರು, ಬರೆಯುವಾಗ ‘ಫೋಟೊಕಾಪಿ’ ಎಂದು ಪಿ ಪುಟದಲ್ಲಿ ಇಡಿ.

ಅಕ್ಷರವಾರು ಜೋಡಣೆ ಕಲಿಯುವುದಕ್ಕೂ ನಿಜವಾಗಿ ನೆರವಾಗುವ ಜಾಗ ಒಂದಿದೆ. ನಮ್ಮ ಥಳಥಳ, ಮಿಣಮಿಣಗಳಲ್ಲಿ ಸದ್ದೇ ಅರ್ಥವನ್ನು ಹೊತ್ತ ಹಾಗೆ, ಇಂಗ್ಲಿಷಿನಲ್ಲೂ ಕೆಲವು ಜೋಡಕ್ಷರಗಳು ಒಂದು ಅರ್ಥದ ಸುತ್ತ ಗುಂಪುಗೂಡಿವೆ. ಎಸ್-ಎನ್ ಬಂದರೆ ಬಹಳ ಸಲ ಮೂಗು: ‘ಸ್ನೀಜ಼್’ ಸೀನು, ‘ಸ್ನಿಫ್’ ಮೂಸು, ‘ಸ್ನೋರ್’ ಗೊರಕೆ ಹೊಡೆ, ‘ಸ್ನೌಟ್’ ಪ್ರಾಣಿಯ ಮೂತಿ. ಜಿ-ಎಲ್ ಬಂದರೆ ಬೆಳಕು: ‘ಗ್ಲೋ’ ಕಾಂತಿ, ‘ಗ್ಲಿಟರ್’ ಮಿನುಗು, ‘ಗ್ಲೇರ್’ ಕಣ್ಣು ಕುಕ್ಕುವ ಬೆಳಕು, ‘ಗ್ಲೀಮ್’ ಮಂದ ಹೊಳಪು. ಡಬ್ಲ್ಯು-ಆರ್ ಬಂದರೆ ತಿರುಚುವುದು, ಸುತ್ತುವುದು: ‘ರಿಂಗ್’ ಬಟ್ಟೆ ಹಿಂಡು, ‘ರಿಸ್ಟ್’ ಮಣಿಕಟ್ಟು, ‘ರ‍್ಯಾಪ್’ ಸುತ್ತು, ‘ರೆಂಚ್’ ತಿರುಚಿ ಎಳೆ, ‘ರಿಂಕಲ್’ ಸುಕ್ಕು. ಇದು ನಿಯಮವಲ್ಲ, ‘ಸ್ನೇಕ್’ಗೂ ಮೂಗಿಗೂ ಸಂಬಂಧವಿಲ್ಲ. ಆದರೂ ಈ ಮೂರು ಗುಂಪಿಗೆ ಅರ್ಧರ್ಧ ಪುಟ ಒಟ್ಟಿಗೆ ಕೊಟ್ಟರೆ ಹನ್ನೆರಡು ಹದಿಮೂರು ಪದ ಅನಾಯಾಸವಾಗಿ ಉಳಿಯುತ್ತವೆ.

ಕೊನೆಯ ಆರು ಪುಟ: ಕನ್ನಡದಿಂದ ಹೊರಟು

ಅಕ್ಷರವಾರು ಪಟ್ಟಿಗಳು ಎಂದೂ ಹೇಳದ ಒಂದು ವಿಷಯವಿದೆ. ಕನ್ನಡದ ಒಂದೇ ಕ್ರಿಯಾಪದ ಇಂಗ್ಲಿಷಿನ ಐದಾರು ಪದಗಳ ಕೆಲಸ ಮಾಡುತ್ತದೆ. ಎಡಕ್ಕೆ ಕನ್ನಡ ಪದ, ಬಲಕ್ಕೆ ಸಂದರ್ಭ ಮತ್ತು ಇಂಗ್ಲಿಷ್ ಪದ ಬರೆಯುತ್ತಾ ಹೋಗಿ.

‘ಕೇಳು’. ದಾರಿ ಕೇಳುವುದು ‘ಆಸ್ಕ್’, ಸದ್ದು ಕೇಳಿಸುವುದು ‘ಹಿಯರ್’, ಗಮನವಿಟ್ಟು ಪಾಠ ಕೇಳುವುದು ‘ಲಿಸನ್ ಟು’, ದೊಡ್ಡವರ ಮಾತು ಕೇಳಿ ನಡೆಯುವುದು ‘ಒಬೇ’. ‘ನೋಡು’. ಕಣ್ಣಿಗೆ ಕಾಣುವುದು ‘ಸೀ’, ತಿರುಗಿ ನೋಡುವುದು ‘ಲುಕ್ ಅಟ್’, ಕ್ರಿಕೆಟ್ ನೋಡುವುದು ‘ವಾಚ್’. ‘ಹಾಕು’ ಎಲ್ಲಕ್ಕಿಂತ ದೊಡ್ಡದು. ಅಂಗಿ ಹಾಕು ‘ಪುಟ್ ಆನ್’, ನೀರು ಹಾಕು ‘ಪೋರ್’, ಬೀಗ ಹಾಕು ‘ಲಾಕ್’, ಫ್ಯಾನ್ ಹಾಕು ‘ಸ್ವಿಚ್ ಆನ್’, ಸಹಿ ಹಾಕು ‘ಸೈನ್’, ಅರ್ಜಿ ಹಾಕು ‘ಅಪ್ಲೈ’, ದನಕ್ಕೆ ಹುಲ್ಲು ಹಾಕು ‘ಫೀಡ್’, ಚಾಪೆ ಹಾಕು ‘ಸ್ಪ್ರೆಡ್’, ರಂಗೋಲಿ ಹಾಕು ‘ಡ್ರಾ’, ಓಟು ಹಾಕು ‘ವೋಟ್’. ಎಲ್ಲ ಕಡೆಯೂ ‘ಪುಟ್’ ಎಂದು ಹೇಳಿ ಸಿಕ್ಕಿಬೀಳುವುದು ಇದರಿಂದಲೇ. ‘ಬರು’: ‘ನನಗೆ ಈಜು ಬರುತ್ತೆ’ ಎಂಬಲ್ಲಿ ‘ಕಮ್’ ಬರುವುದಿಲ್ಲ, ‘ಐ ಕ್ಯಾನ್ ಸ್ವಿಮ್’.

ವಿಭಕ್ತಿಯೂ ತಪ್ಪು ಮಾಡಿಸುತ್ತದೆ. ‘ನನಗೆ ಹೇಳು’ ಎಂಬಲ್ಲಿನ ‘ಗೆ’ ನಮ್ಮಿಂದ ‘ಟೆಲ್ ಟು ಮಿ’ ಎಂದು ಹೇಳಿಸುತ್ತದೆ. ಸರಿಯಾದದ್ದು ‘ಟೆಲ್ ಮಿ’. ಆದರೆ ‘ಸೇ’ ಬಂದರೆ ‘ಸೇ ಟು ಮಿ’. ‘ಅದರ ಬಗ್ಗೆ ಚರ್ಚಿಸಿದೆವು’ ಎಂಬ ವಾಕ್ಯದಿಂದ ‘ಡಿಸ್ಕಸ್ಡ್ ಅಬೌಟ್’ ಹುಟ್ಟುತ್ತದೆ, ‘ಅಬೌಟ್’ ಬೇಡ. ‘ಅವರ ಜೊತೆ ಮದುವೆ’ ಎಂಬುದರಿಂದ ‘ಮ್ಯಾರೀಡ್ ವಿತ್’ ಬರುತ್ತದೆ, ಬೇಕಾದದ್ದು ‘ಮ್ಯಾರೀಡ್ ಟು’. ಅಕ್ಷರದ ಪುಟದಲ್ಲಿ ಈ ಕ್ರಿಯಾಪದಗಳನ್ನು ಬರೆಯುವಾಗ ಜೊತೆಗೆ ಬರುವ ಚಿಕ್ಕ ಪದವನ್ನೂ ಸೇರಿಸಿಯೇ ಬರೆಯಿರಿ. ‘ಲಿಸನ್’ ಎಂದು ಬರೆಯಬೇಡಿ, ‘ಲಿಸನ್ ಟು’ ಎಂದು ಬರೆಯಿರಿ.

ಇದೇ ಪುಟಗಳಲ್ಲಿ ಇನ್ನೊಂದು ಪಟ್ಟಿ ಇರಲಿ, ನಮ್ಮ ಮಾತಿನಲ್ಲಿ ಅರ್ಥ ಬದಲಿಸಿಕೊಂಡ ಇಂಗ್ಲಿಷ್ ಪದಗಳದ್ದು. ನಮಗೆ ಹೋಟೆಲ್ ಎಂದರೆ ಇಡ್ಲಿ ತಿನ್ನುವ ಜಾಗ, ಹೊರದೇಶದಲ್ಲಿ ಉಳಿದುಕೊಳ್ಳುವ ಜಾಗ. ತಿನ್ನುವುದಕ್ಕೆ ‘ರೆಸ್ಟೊರೆಂಟ್’. ಮನೆ ಕಟ್ಟುವ ಸೈಟು ಅಲ್ಲಿ ‘ಪ್ಲಾಟ್’. ಕರೆಂಟ್ ಹೋಯಿತು ಎನ್ನಲು ‘ಪವರ್’. ಪಾಠದಲ್ಲಿ ‘ಡೌಟ್’ ಬಂತು ಎಂದರೆ ಅವರಿಗೆ ಅಪನಂಬಿಕೆ ಎಂದು ಕೇಳಿಸಬಹುದು, ‘ಕ್ವೆಶ್ಚನ್’ ಎನ್ನಿ. ಕಾಲೇಜಿನಿಂದ ‘ಪಾಸ್‌ಔಟ್’ ಆದೆ ಎಂದರೆ ಪ್ರಜ್ಞೆ ತಪ್ಪಿದೆ ಎಂದು ತಿಳಿಯುತ್ತಾರೆ, ಡಿಗ್ರಿ ಮುಗಿಸಿದ್ದಕ್ಕೆ ‘ಗ್ರಾಜುಯೇಟ್’ ಸರಿ. ಕಾರಿನ ಡಿಕ್ಕಿ ಬ್ರಿಟನ್ನಿನಲ್ಲಿ ‘ಬೂಟ್’, ಅಮೆರಿಕದಲ್ಲಿ ‘ಟ್ರಂಕ್’. ಸ್ಟೆಪ್ನಿ ಎಂಬುದು ವೇಲ್ಸ್ ದೇಶದ ಲನೆಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 20ನೇ ಶತಮಾನದ ಆರಂಭದಲ್ಲಿ ತಯಾರಾದ ಹೆಚ್ಚುವರಿ ಚಕ್ರದ ಹೆಸರು. ಅಲ್ಲಿಯವರೇ ಈಗ ‘ಸ್ಪೇರ್ ವೀಲ್’ ಎನ್ನುತ್ತಾರೆ. ನಮ್ಮ ಬಳಕೆ ತಪ್ಪೇನಲ್ಲ, ನಮ್ಮೊಳಗೆ ಚೆನ್ನಾಗಿಯೇ ನಡೆಯುತ್ತದೆ. ಯಾರೊಂದಿಗೆ ಮಾತಾಡುತ್ತಿದ್ದೇವೆ ಎಂಬುದು ಗೊತ್ತಿರಬೇಕು.

ಮರುಓದು

ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ಮನೋವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವಿನ ಲೆಕ್ಕವನ್ನು 1885ರಲ್ಲಿ ಪ್ರಕಟಿಸಿದ. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಮರೆವು ಅತಿ ವೇಗ, ಆಮೇಲೆ ನಿಧಾನ ಎಂಬುದು ಅವನು ಕಂಡದ್ದು. ಹಾಗಾಗಿ ಬೆಳಿಗ್ಗೆ ಬರೆದ ಐದು ಪದಗಳನ್ನು ಅದೇ ರಾತ್ರಿ ನೋಡಿ. ನಂತರ ಮರುದಿನ, ಮೂರನೇ ದಿನ, ಏಳನೇ ದಿನ, ಹದಿನೈದನೇ ದಿನ, ತಿಂಗಳಿಗೆ. ಪ್ರತಿ ಪದದ ಅಂಚಿನಲ್ಲಿ ಬರೆದ ತಾರೀಖು ಹಾಕಿ, ಮುಂದೆ ಆರು ಚಿಕ್ಕ ಚೌಕ ಇಡಿ, ನೋಡಿದಾಗಲೊಮ್ಮೆ ಒಂದಕ್ಕೆ ಗುರುತು ಹಾಕಿ.

ನೋಡುವುದು ಎಂದರೆ ಓದಿಕೊಂಡು ಹೋಗುವುದಲ್ಲ. ಕನ್ನಡ ಅರ್ಥವನ್ನು ಅಂಗೈಯಿಂದ ಮುಚ್ಚಿ ಹೇಳಿಕೊಳ್ಳಿ. ಎರಡನೇ ಸುತ್ತಿನಲ್ಲಿ ಇಂಗ್ಲಿಷ್ ಬದಿ ಮುಚ್ಚಿ, ಕನ್ನಡ ನೋಡಿ ಇಂಗ್ಲಿಷ್ ಹೇಳಿ, ಕಾಗುಣಿತ ಬರೆಯಿರಿ. ಮೊದಲನೆಯದು ಮಾತ್ರ ಮಾಡಿದವರಿಗೆ ಓದುವಾಗ ಅರ್ಥವಾಗುತ್ತದೆ, ಮಾತಾಡುವಾಗ ಬಾಯಿಗೆ ಬರುವುದಿಲ್ಲ. ‘ಗೊತ್ತು, ಆದರೆ ಹೇಳಕ್ಕೆ ಬರಲ್ಲ’ ಎಂಬ ದೂರಿಗೆ ಮುಖ್ಯ ಕಾರಣ ಇದೇ.

ಮೂರು ಸಲ ತಪ್ಪಿದ ಪದವನ್ನು ಅಂಚೆ ಕಾರ್ಡಿನ ಅರ್ಧದಷ್ಟು ದೊಡ್ಡ ರಟ್ಟಿನ ಚೂರಿಗೆ ಇಳಿಸಿ, ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಕನ್ನಡ. ಈ ಕಾರ್ಡುಗಳಿಗೆ ಐದು ಖಾನೆಯ ಪೆಟ್ಟಿಗೆ ಮಾಡುವ ಪದ್ಧತಿಯನ್ನು 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ವಿಜ್ಞಾನ ಬರಹಗಾರ ಬಳಕೆಗೆ ತಂದರು. ಸರಿ ಹೇಳಿದ ಕಾರ್ಡು ಮುಂದಿನ ಖಾನೆಗೆ, ತಪ್ಪಿದ್ದು ಮತ್ತೆ ಮೊದಲ ಖಾನೆಗೆ. ಮೊದಲ ಖಾನೆ ದಿನಾ, ಎರಡನೆಯದು ಎರಡು ದಿನಕ್ಕೊಮ್ಮೆ, ಮೂರನೆಯದು ನಾಲ್ಕು ದಿನಕ್ಕೊಮ್ಮೆ, ನಾಲ್ಕನೆಯದು ವಾರಕ್ಕೊಮ್ಮೆ, ಐದನೆಯದು ತಿಂಗಳಿಗೊಮ್ಮೆ. ಚಪ್ಪಲಿ ಡಬ್ಬಿಗೆ ರಟ್ಟಿನ ಅಡ್ಡಗೋಡೆ ಹಾಕಿದರೆ ಪೆಟ್ಟಿಗೆ ಸಿದ್ಧ. ಮೊದಲ ಖಾನೆಯಲ್ಲಿ 30ಕ್ಕಿಂತ ಹೆಚ್ಚು ಕಾರ್ಡು ಸೇರಿದರೆ ಹೊಸ ಪದ ಬರೆಯುವುದನ್ನು ನಿಲ್ಲಿಸಿ, ಅದು 15ಕ್ಕೆ ಇಳಿದ ಮೇಲೆ ಮತ್ತೆ ಶುರುಮಾಡಿ.

ಹತ್ತು ದಿನ ತಪ್ಪಿಹೋಯಿತು ಎಂದಿಟ್ಟುಕೊಳ್ಳಿ. ಬಿಟ್ಟ ಐವತ್ತು ಪದಗಳನ್ನು ಒಂದೇ ಭಾನುವಾರ ತುಂಬಿಸಲು ಹೋಗಬೇ­ಡಿ. ಹಳೆಯ ಪುಟಗಳನ್ನು ಮೂರು ದಿನ ಮರುಓದಿ, ನಾಲ್ಕನೇ ದಿನ ಎಂದಿನಂತೆ ಐದು ಪದ ಬರೆಯಿರಿ. ಎಸ್ ಪುಟಗಳು ಮೊದಲು ತುಂಬಿದರೆ, ಆರೂ ಚೌಕ ಗುರುತಾದ ಪದಗಳ ಮೇಲೆ ಪೆನ್ಸಿಲಿನಿಂದ ತೆಳುವಾಗಿ ಗೆರೆ ಎಳೆಯಿರಿ. ಉಳಿದವನ್ನು ಮಾತ್ರ 100 ಪುಟದ ಇನ್ನೊಂದು ನೋಟ್‌ಬುಕ್ಕಿಗೆ ಎತ್ತಿ ಬರೆಯಿರಿ.